ಬೆಸುಗೆ ಹುಳ ನದಿ ದಾಟಿದ್ದು

ಮಾವನಿಗೆ ಸಿಟ್ಟು ಬಂದರೆ ಮೊದಲು ಕನ್ನಡಕ ತೆಗೆಯುತ್ತಾರೆ. ಎಂಬತ್ತಮೂರರ ವಯಸ್ಸಿಗೆ ಕನ್ನಡಕವಿಲ್ಲದೆ ಎದುರಿನವರ ಮುಖ ಕಾಣುವುದಿಲ್ಲ, ಹಾಗಾಗಿ ಯಾರ ಮುಲಾಜೂ ಇಲ್ಲದೆ ಬೈಯಬಹುದು. ಆ ಬೆಳಿಗ್ಗೆ ಪತ್ರಿಕೆ ಓದುತ್ತಿದ್ದವರು ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದ ಸದ್ದಿಗೇ ಒಲೆಯ ಮುಂದಿದ್ದ ಸೊಸೆ ಉರಿ ಸಣ್ಣ ಮಾಡಿ ಹೊರಗೆ ಬಂದಳು.

"ಬೆಸುಗೆ ಹುಳ ಈಚೆ ದಡದಲ್ಲೂ ಇದೆಯಂತೆ! ಯಾವ ಕತ್ತೆ ಹೇಳಿದ್ದು ಇದನ್ನ?"

ಕತ್ತೆ ಯಾರೆಂದು ಐದನೇ ಪುಟದಲ್ಲಿ ಅಚ್ಚಾಗಿತ್ತು. ಮ್ಯೂಸಿಯಂ ನಿರ್ದೇಶಕರು. ನದಿಯ ಆಚೆ ದಡದ ಗುಡ್ಡವನ್ನು ಕಲ್ಲಿಗಾಗಿ ಒಡೆಯಲು ಕಂಪನಿಯೊಂದು ಅರ್ಜಿ ಹಾಕಿತ್ತು. ಆ ಗುಡ್ಡದಲ್ಲಿ ಮಾತ್ರ ಇರುವ ಹುಳದ ಗತಿ ಏನು ಎಂದು ಯಾರೋ ಪುಣ್ಯಾತ್ಮರು ಕೇಳಿದ್ದರು. ಅದಕ್ಕೆ ನಿರ್ದೇಶಕರು, ಹುಳ ಈಚೆ ದಡದಲ್ಲೂ ಇದೆ, ಮ್ಯೂಸಿಯಮ್ಮಿನಲ್ಲಿ ದಾಖಲೆಯಿದೆ, ಗುಡ್ಡ ಹೋದರೂ ಹುಳದ ವಂಶ ಉಳಿಯುತ್ತದೆ ಎಂದು ಪ್ರಮಾಣಪತ್ರ ಬರೆದುಕೊಟ್ಟಿದ್ದರು. ಆಕ್ಷೇಪವಿದ್ದವರು ಹತ್ತು ದಿನದೊಳಗೆ ವಿಚಾರಣೆಗೆ ಬರಬಹುದು.

ಮಾವ ಮೂವತ್ತೈದು ವರ್ಷ ಅದೇ ಮ್ಯೂಸಿಯಮ್ಮಿಗೆ ಹುಳ ಹಿಡಿದುಕೊಟ್ಟವರು. ಬೆನ್ನಿಗೊಂದು ಚೀಲ, ಚೀಲದ ತುಂಬ ತಗಡಿನ ಡಬ್ಬಿ, ಕಾಲಿಗೆ ಹರಿದ ಬೂಟು. ಬೆಸುಗೆ ಹುಳ ಎಂಬ ಹೆಸರೂ ಅವರದ್ದೇ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಕರೀ ಹುಳ. ಬೆನ್ನಿನ ಎರಡು ಚಿಪ್ಪು ಬೆಸೆದುಕೊಂಡು ಒಂದೇ ಆಗಿವೆ, ಒಳಗೆ ರೆಕ್ಕೆಯಿಲ್ಲ. ಹಾರುವುದಿಲ್ಲ, ನೀರಿಗೆ ಬಿದ್ದರೆ ಮುಳುಗಿ ಸಾಯುತ್ತದೆ.

"ಒಂದು ಪ್ರಾಣಿ ಒಂದು ಕಡೆ ಇದೆ ಅಂದ್ರೆ ಮೂರು ವಿಷಯ ಕೇಳ್ಬೇಕು" ಎಂದು ಮಾವ ಗೋಡೆಗೆ ಪಾಠ ಶುರುಮಾಡಿದರು. "ಅಲ್ಲಿಗೆ ಹೋಗೋಕಾಗುತ್ತಾ? ಅಲ್ಲಿ ಇರೋಕಾಗುತ್ತಾ? ಅಲ್ಲಿ ಮೊದಲೇ ಇರೋರು ಇರೋಕೆ ಬಿಡ್ತಾರಾ? ಇದಕ್ಕೆ ಮೊದಲನೇದೇ ಆಗಲ್ಲ. ನದಿ ಹುಟ್ಟೋಕೆ ಮುಂಚೆ ಎರಡೂ ಕಡೆ ಇತ್ತೋ ಏನೋ, ನಂಗೊತ್ತಿಲ್ಲ. ಈಗ ಆ ಗುಡ್ಡದ ಕರೀಕಲ್ಲು ಬಿಟ್ರೆ ಇದಕ್ಕೆ ಗತಿಯಿಲ್ಲ. ಕಲ್ಲಿನಡಿಯ ತಂಪು ಬೇಕು. ಈಚೆ ದಡದಲ್ಲಿ ಏನಿದೆ? ಬರೀ ಮರಳು, ಕೆಂಪು ಮಣ್ಣು! ನಲವತ್ತು ಸಲ ಹತ್ತಿದ್ದೀನಿ ಆ ಗುಡ್ಡಾನ. ಈಚೆ ದಡದಲ್ಲಿ ನಾನು ಮಾಡಿದ್ದು ಎರಡೇ ಕೆಲಸ. ದೋಣಿ ಕಡವಿನ ಪೇಟೇಲಿ ಊಟ ಮಾಡಿದ್ದು, ಪೆಟ್ಟಿಗೆ ಪೋಸ್ಟ್ ಮಾಡಿದ್ದು."

ಪೋಸ್ಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ಸೊಸೆ ನಿಂತಲ್ಲೇ ನಿಂತಳು. ಒಲೆಯ ಮೇಲಿದ್ದದ್ದು ಸೀದು ವಾಸನೆ ಬಂದರೂ ಒಳಗೆ ಹೋಗಲಿಲ್ಲ.

ಅವಳನ್ನು ಮ್ಯೂಸಿಯಮ್ಮಿನಲ್ಲಿ ಎಲ್ಲರೂ ಕರೆಯುವುದು ಚೀಟಿಯಮ್ಮ ಎಂದು. ಗುಂಡುಸೂಜಿಗೆ ಚುಚ್ಚಿದ ಪ್ರತಿ ಹುಳದ ಕೆಳಗೂ ಅಕ್ಕಿಕಾಳಿನಷ್ಟು ಅಕ್ಷರದಲ್ಲಿ ಒಂದು ಚೀಟಿ ಇರುತ್ತದೆ: ಸಿಕ್ಕಿದ ಜಾಗ, ದಿನ, ಹಿಡಿದವರು. ಮೂವತ್ತೊಂದು ವರ್ಷದಲ್ಲಿ ಅಂಥ ನಲವತ್ತು ಸಾವಿರ ಚೀಟಿ ಬರೆದಿದ್ದಾಳೆ. ಹುಳ ಹಿಡಿದವರು ಗೀಚಿ ಕಳಿಸಿದ ತುಂಡುಕಾಗದ ನೋಡಿಕೊಂಡು, ಅದನ್ನೇ ಒಳ್ಳೆಯ ಕಾಗದದ ಮೇಲೆ ಕರೀ ಮಸಿಯಲ್ಲಿ ಅಚ್ಚುಕಟ್ಟಾಗಿ ಬರೆಯುವುದು ಅವಳ ಕೆಲಸ. ನುಸಿಗುಳಿಗೆಯ ವಾಸನೆ ಅವಳ ಸೀರೆಗೆ, ಜಡೆಗೆ, ಕೊನೆಗೆ ಊಟದ ಡಬ್ಬಿಗೂ ಅಂಟಿದೆ. ಎಂಟು ವರ್ಷದ ಹಿಂದೆ ತೀರಿಕೊಂಡ ಗಂಡ, ನಮ್ಮ ಮನೇಲಿ ನನ್ನ ಬಿಟ್ಟು ಇನ್ನಾವ ಹುಳವೂ ಬದುಕಲ್ಲ ಎಂದು ತಮಾಷೆ ಮಾಡುತ್ತಿದ್ದ.

ಆ ತಪ್ಪು ನಡೆದದ್ದು ಅವಳು ಕೆಲಸಕ್ಕೆ ಸೇರಿದ ಆರನೇ ತಿಂಗಳಲ್ಲಿ. ಮಾವನ ಪೆಟ್ಟಿಗೆಯೊಂದು ಬಂತು. ದಾರಿಯಲ್ಲಿ ನೆನೆದು ಒಳಗಿನ ತುಂಡುಕಾಗದ ನೀಲಿ ಕಲೆಯಾಗಿತ್ತು, ಒಂದಕ್ಷರವೂ ಉಳಿದಿರಲಿಲ್ಲ. ಬೆಸುಗೆ ಹುಳ ಮಾತ್ರ ಹದಿನಾಲ್ಕೂ ಚೆನ್ನಾಗಿದ್ದವು. ಮಾವ ಜ್ವರದಿಂದ ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿದ್ದರು. ಜಾಗ ಗೊತ್ತಿಲ್ಲದ ಹುಳ ಕಸದ ಬುಟ್ಟಿಗೆ ಎಂಬುದು ವಿಭಾಗದ ನಿಯಮ. ಮಾವ ಸಾಯುತ್ತಾರೋ ಬದುಕುತ್ತಾರೋ ಗೊತ್ತಿಲ್ಲದ ಹೊತ್ತಿನಲ್ಲಿ ಅವರು ಹಿಡಿದ ಹುಳವನ್ನು ಕಸಕ್ಕೆ ಹಾಕಲು ಹೊಸ ಸೊಸೆಗೆ ಕೈ ಬರಲಿಲ್ಲ. ಪೆಟ್ಟಿಗೆಯ ಮೇಲೆ ಅಂಚೆ ಮುದ್ರೆಯಿತ್ತು. ಅದರಲ್ಲಿದ್ದ ಕಡವಿನ ಪೇಟೆಯ ಹೆಸರನ್ನು ಹದಿನಾಲ್ಕು ಚೀಟಿಯ ಮೇಲೂ ಬರೆದಳು. ಮಾವ ಹುಷಾರಾಗಿ ಬಂದ ಮೇಲೆ ಕೇಳಬಹುದಿತ್ತು. ಕೇಳಿದರೆ ಬೈಗುಳ ತಿನ್ನಬೇಕಾಗುತ್ತದೆಂದು ನಾಳೆ ಕೇಳಿದರಾಯಿತು ಎಂದುಕೊಂಡಳು. ಆ ನಾಳೆಗೆ ಮೂವತ್ತೊಂದು ವರ್ಷ ತುಂಬಿತು.

ಅಷ್ಟರಲ್ಲಿ ನಿರ್ದೇಶಕರು ಆ ಹದಿನಾಲ್ಕು ಚೀಟಿಯ ಮೇಲೆ ದೊಡ್ಡ ಮಹಲನ್ನೇ ಕಟ್ಟಿದ್ದರು. ರೆಕ್ಕೆಯಿಲ್ಲದ, ಈಜು ಬಾರದ ಹುಳ ಎರಡು ದಡಕ್ಕೂ ಹೇಗೆ ಬಂತು? ಪ್ರವಾಹದಲ್ಲಿ ಉರುಳಿದ ಮರದ ಕಾಂಡದ ಮೇಲೆ ಕೂತು ತೇಲಿಕೊಂಡು ಬಂತು! ಅದರ ಮೇಲೆ, ಮಾವನ ಕಣ್ಣಿಗೆ ಬೀಳದ ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲೊಂದು ದೊಡ್ಡ ಲೇಖನ, ಲೇಖನಕ್ಕೊಂದು ಪ್ರಶಸ್ತಿ, ಪ್ರಶಸ್ತಿಯ ಪಕ್ಕದಲ್ಲಿ ಚೌಕಟ್ಟು ಹಾಕಿಸಿದ ನಕ್ಷೆ. ನಕ್ಷೆಯಲ್ಲಿ ನದಿಯ ಆಚೆಗೊಂದು ಕರೀ ಚುಕ್ಕೆ, ಈಚೆಗೊಂದು. ಈಚೆಯ ಚುಕ್ಕೆ ಅಂಚೆ ಕಚೇರಿ.

ಪತ್ರಿಕೆಯಲ್ಲಿ ಸುದ್ದಿ ಬಂದ ಆ ದಿನ ಬೆಳಿಗ್ಗೆಯೇ ಅವಳು ನಿರ್ದೇಶಕರ ಕೋಣೆಗೆ ಹೋಗಿ, ಕೂರಲು ಹೇಳುವ ಮೊದಲೇ ಎಲ್ಲವನ್ನೂ ಒದರಿದಳು. ಅವರು ಸಮಾಧಾನವಾಗಿ ಕೇಳಿದರು. ಆ ಸಮಾಧಾನ ನೋಡಿಯೇ ಅವಳ ಮೈ ಉರಿಯಿತು.

"ನನಗೆ ಅನುಮಾನ ಇತ್ತು ಅಮ್ಮಾ" ಎಂದರು ಕೊನೆಗೆ. "ಹೋದ ವರ್ಷ ಹುಡುಗರನ್ನ ಕಳಿಸಿ ಈಚೆ ದಡದಲ್ಲಿ ಹುಡುಕಿಸಿದೆ. ಸಿಗಲಿಲ್ಲ."

"ಸಿಗಲಿಲ್ಲ ಅಂತ ಗೊತ್ತಿದ್ದೂ ಸಹಿ ಹಾಕಿದ್ರಾ ಸಾರ್?"

"ಸಿಗಲಿಲ್ಲ ಅಂದ್ರೆ ಇಲ್ಲ ಅಂತ ಅರ್ಥ ಅಲ್ಲ. ದಾಖಲೆ ಇದೆಯಲ್ಲ, ನಿಮ್ಮದೇ ಅಕ್ಷರ." ಅವರು ಕುರ್ಚಿಯಲ್ಲಿ ಮುಂದೆ ಬಾಗಿದರು. "ಯೋಚನೆ ಮಾಡಿ. ಒಂದು ಚೀಟಿ ಸುಳ್ಳು ಅಂತ ನೀವೇ ಹೇಳಿದ್ರೆ ಮಿಕ್ಕ ನಲವತ್ತು ಸಾವಿರ ಚೀಟಿ ಯಾರು ನಂಬ್ತಾರೆ? ಎಷ್ಟು ಕಾಡು, ಎಷ್ಟು ಕೆರೆ ನಿಮ್ಮ ಚೀಟಿ ನಂಬಿ ಉಳಿದಿವೆ ಗೊತ್ತಾ? ಒಂದು ಗುಡ್ಡಕ್ಕೋಸ್ಕರ ಎಲ್ಲಾ ಕಳೀತೀರಾ? ನಿಮ್ಮ ಮರ್ಯಾದೆ ಬೇರೆ."

ತನ್ನ ಮರ್ಯಾದೆಯನ್ನು ಅವಳ ಸೆರಗಿಗೆ ಗಂಟು ಹಾಕುವ ಈ ಜಾಣತನಕ್ಕೆ ಏನು ಹೇಳಬೇಕು? ಅವರ ಮಾತಿನಲ್ಲಿ ಅರ್ಧ ನಿಜವೂ ಇತ್ತು, ಅದೇ ಅವಳ ಸಿಟ್ಟಿಗೆ ತುಪ್ಪ ಸುರಿದದ್ದು. ಬಾಗಿಲನ್ನು ದಢಾರನೆ ಎಳೆದುಕೊಂಡು ಹೊರಗೆ ಬಂದಳು. ಮೂವತ್ತೊಂದು ವರ್ಷದಲ್ಲಿ ಅವಳು ಆ ಬಾಗಿಲನ್ನು ಸದ್ದು ಮಾಡಿ ಮುಚ್ಚಿದ್ದು ಅದೇ ಮೊದಲು.

ಸಂಜೆ ಮಾವನಿಗೆ ಹೇಳಿದಳು. ಬೈಯಲಿ, ಕೈಯಲ್ಲಿದ್ದ ಕೋಲು ಎತ್ತಲಿ ಎಂದು ಕಾದಳು. ಮಾವ ಕನ್ನಡಕ ಹಾಕಿಕೊಂಡರು. ಅವಳ ಮುಖವನ್ನೇ ನೋಡುತ್ತ ಕೂತರು. ಅದಕ್ಕಿಂತ ನಾಲ್ಕೇಟು ಹೊಡೆದಿದ್ದರೆ ವಾಸಿಯಿತ್ತು.

"ನನ್ನ ಹತ್ರ ಹೇಳಿ ಏನು ಪ್ರಯೋಜನ?" ಎಂದರು. "ಹೇಳೋ ಜಾಗದಲ್ಲಿ ಹೇಳು."

ಹೇಳುವ ಜಾಗ ಸರ್ಕಾರಿ ಕಟ್ಟಡದ ಎರಡನೇ ಮಹಡಿಯ ಉದ್ದನೆಯ ಕೋಣೆ. ಎದುರು ಮೇಜಿನ ಹಿಂದೆ ವಿಚಾರಣಾಧಿಕಾರಿ, ಕಣ್ಣಿನ ಕೆಳಗೆ ಕಪ್ಪಾದ ನಡುವಯಸ್ಸಿನ ಹೆಂಗಸು. ಎಡಕ್ಕೆ ಕಂಪನಿಯ ವಕೀಲ. ಅವನ ಪಕ್ಕದಲ್ಲೇ ನಿರ್ದೇಶಕರು ಕೂತಿದ್ದು ನೋಡಿ ಚೀಟಿಯಮ್ಮ ಹಲ್ಲು ಕಡಿದಳು. ಸರದಿ ಬಂದಾಗ ಎದ್ದು ನಿಂತು, ಅಂಚೆ ಮುದ್ರೆಯ ಕತೆಯನ್ನು ಒಂದಕ್ಷರ ಬಿಡದೆ ಹೇಳಿದಳು.

"ಈಚೆ ದಡದ ಚೀಟಿ ಸುಳ್ಳು ಮೇಡಂ. ಬರೆದವಳು ನಾನೇ. ಹುಳ ಇರೋದು ಆ ಗುಡ್ಡದಲ್ಲಿ ಮಾತ್ರ."

ಕೋಣೆಯಲ್ಲಿ ಗುಸುಗುಸು ಎದ್ದಿತು. ವಕೀಲ ಮಾತ್ರ ಬೆಣ್ಣೆಯ ಹಾಗೆ ನಕ್ಕ.

"ಸಂತೋಷ. ಗುಡ್ಡದ ಚೀಟಿ ಬರೆದವರು ಯಾರಮ್ಮಾ?"

"ನಾನೇ."

"ಮೂಲ ತುಂಡುಕಾಗದ ಇದೆಯಾ?"

ಇರಲಿಲ್ಲ. ಕಟ್ಟಡಕ್ಕೆ ಬಣ್ಣ ಹೊಡೆಸುವಾಗ ಜಾಗ ಸಾಲದೆಂದು ಮೂಟೆಗಟ್ಟಲೆ ತುಂಡುಕಾಗದವನ್ನು ರದ್ದಿಗೆ ಹಾಕಿಸಿದವರು ವಕೀಲನ ಪಕ್ಕದಲ್ಲೇ ಕೂತು ಕಿಟಕಿ ನೋಡುತ್ತಿದ್ದರು.

"ಹಾಗಾದ್ರೆ ಮೇಡಂ" ಎಂದ ವಕೀಲ, "ಸುಳ್ಳು ಚೀಟಿ ಬರೆದೆ ಅಂತ ಒಪ್ಪಿಕೊಂಡಿರೋ ಕೈಯೇ ಗುಡ್ಡದ ಚೀಟಿನೂ ಬರೆದಿದೆ. ಅದನ್ನೂ ತೆಗೆದುಹಾಕಿ. ಗುಡ್ಡದಲ್ಲಿ ಹುಳ ಇದೆ ಅನ್ನೋದಕ್ಕೇ ಈಗ ಆಧಾರ ಇಲ್ಲ."

ನಿಜ ಹೇಳಿದ್ದಕ್ಕೆ ಇದು ಬಹುಮಾನ! ಸುಳ್ಳಿದ್ದಾಗ ಹುಳಕ್ಕೆ ಎರಡು ದಡವಾದರೂ ಇತ್ತು. ಈಗ ಭೂಮಿಯ ಮೇಲೆ ಕಾಲಿಡಲೂ ಜಾಗವಿಲ್ಲ. "ನಾಚಿಕೆ ಆಗಲ್ವೇನ್ರೀ ನಿಮಗೆ?" ಎಂದು ಚೀಟಿಯಮ್ಮ ಕಿರುಚಿದ್ದು ಕೆಳಗಿನ ಬೀದಿಗೂ ಕೇಳಿಸಿರಬೇಕು. ಅಧಿಕಾರಿ ಮೇಜು ತಟ್ಟಿ ಸುಮ್ಮನಾಗಿಸಿದರು. ಹಳೆಯ ಚೀಟಿ ಯಾವುದೂ ಬೇಡ, ಹದಿನೈದು ದಿನದಲ್ಲಿ ಎರಡೂ ದಡದಿಂದ ಹೊಸ ಪುರಾವೆ ತನ್ನಿ ಎಂದು ಬರೆಸಿ ಎದ್ದರು.

ಒಂದು ಕಡೆ ಇದೆ ಎಂದು ತೋರಿಸಲು ಒಂದು ಹುಳ ಸಾಕು. ಇಲ್ಲ ಎಂದು ತೋರಿಸಲು ಎಷ್ಟು ಕಲ್ಲು ಮಗುಚಬೇಕು? ಐವತ್ತೈದರ ಹೆಂಗಸು, ಮಂಡಿ ಬೇರೆ ನೋವು. ರಜೆ ಹಾಕಿ, ಕೈಯಲ್ಲೊಂದು ಸಣ್ಣ ಗುದ್ದಲಿ ಹಿಡಿದು, ಈಚೆ ದಡದಲ್ಲಿ ಮರಳು, ಕೆಂಪು ಮಣ್ಣು, ಬೇಲಿಯ ಬುಡ, ಪಾಳು ಗೋಡೆ ಒಂದನ್ನೂ ಬಿಡದೆ ಕೆದಕಿದಳು. ಒಂಬತ್ತು ದಿನ ಗೆದ್ದಲು ಸಿಕ್ಕಿತು, ಚೇಳು ಸಿಕ್ಕಿತು, ಬೆಸುಗೆ ಹುಳ ಸಿಗಲಿಲ್ಲ. ಮನೆಗೆ ಬಂದರೆ ಮಾವ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮೇಜಿನ ಮೇಲೆ ಮಾತ್ರ ಮರುದಿನ ಎಲ್ಲೆಲ್ಲಿ ಅಗೆಯಬೇಕೆಂದು ನಡುಗುವ ಅಕ್ಷರದಲ್ಲಿ ಬರೆದ ಕಾಗದ ಇರುತ್ತಿತ್ತು. ಅಷ್ಟಕ್ಕೇ ಅವಳಿಗೆ ಅಳು ಬರುತ್ತಿತ್ತು, ಅಳು ಬಂದದ್ದಕ್ಕೆ ಸಿಟ್ಟು ಬರುತ್ತಿತ್ತು.

ಹತ್ತನೆಯ ದಿನ ಕಡವಿನ ಪೇಟೆಯ ಹಿಂದೆ, ನದಿಯ ಅಂಚಿಗೆ, ನೀಲಿ ಟಾರ್ಪಾಲು ಹೊದಿಸಿದ ಉದ್ದನೆಯ ರಾಶಿ ಕಂಡಿತು. ಗಾಳಿಗೆ ಟಾರ್ಪಾಲಿನ ಒಂದು ಮೂಲೆ ಎದ್ದಿತ್ತು. ಕೆಳಗೆ ಕಲ್ಲು. ಕರೀಕಲ್ಲು.

ಈಚೆ ದಡದಲ್ಲಿ ಕರೀಕಲ್ಲಿಲ್ಲ. ಚೀಟಿಯಮ್ಮ ಮಂಡಿಯೂರಿ ಕೂತು, ಕೈಗೆಟುಕಿದ ಕಲ್ಲೊಂದನ್ನು ಮಗುಚಿದಳು. ಮಣ್ಣು ಇನ್ನೂ ಒದ್ದೆಯಾಗಿ ಅಂಟಿಕೊಂಡಿತ್ತು. ಆ ಮಣ್ಣಿನಲ್ಲಿ ಎರಡು ಬೆಸುಗೆ ಹುಳ, ಜೀವಂತ, ಬೆಳಕು ಬಿದ್ದದ್ದಕ್ಕೆ ಗಾಬರಿಯಾಗಿ ಕಾಲು ಆಡಿಸುತ್ತಿದ್ದವು.

ಅವಳಿಗೆ ಮೊದಲು ಬಂದ ಯೋಚನೆಯನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನದಿ ಹತ್ತೇ ಹೆಜ್ಜೆ ದೂರದಲ್ಲಿತ್ತು. ಎರಡು ಹುಳವನ್ನೂ ನೀರಿಗೆ ಎಸೆದರೆ ಈಚೆ ದಡದಲ್ಲಿ ಬೆಸುಗೆ ಹುಳ ಇಲ್ಲ ಎಂದು ಎದೆ ತಟ್ಟಿ ಹೇಳಬಹುದು. ಸಿಕ್ಕಿತೆಂದು ಬರೆದರೆ? ಆ ವಕೀಲ ಕುಣಿದಾಡುತ್ತಾನೆ. ನಿರ್ದೇಶಕರ ನಕ್ಷೆಯ ಚುಕ್ಕೆ ನಿಜವಾಗಿಬಿಡುತ್ತದೆ. ನೋಡಲು ಯಾರೂ ಇರಲಿಲ್ಲ. ಹುಳ ಹಿಡಿದ ಮುಷ್ಟಿ ಬಿಗಿದುಕೊಂಡು ನೀರಿನ ಅಂಚಿನವರೆಗೂ ಹೋದಳು.

ನಿಂತಳು. ಅಂಗೈಯಲ್ಲಿ ಕಾಲುಗಳು ಪರಚುತ್ತಿದ್ದವು. ಕೈ ಬರಲಿಲ್ಲವೆಂದು ಒಂದು ಸಲ ಸುಳ್ಳು ಬರೆದದ್ದಾಯಿತು. ಈಗ ಇನ್ನೊಂದು ಸಲ, ಅದೂ ಕೊಂದು, ಸುಳ್ಳು ಹೇಳಬೇಕೆ? ಅಷ್ಟು ಹೊತ್ತಿಗೆ ತಲೆ ಸರಿಯಾಗಿ ಓಡಿತು. ಹುಳ ಇಲ್ಲಿಗೆ ಬಂದದ್ದು ಹೇಗೆ? ಕಲ್ಲಿನ ಜೊತೆ. ಕಲ್ಲು ಬಂದದ್ದು ಹೇಗೆ? ಒಡೆಯಲು ಇನ್ನೂ ಅನುಮತಿಯೇ ಸಿಕ್ಕಿಲ್ಲ!

ಹುಳ ಎರಡನ್ನೂ ಡಬ್ಬಿಗೆ ಹಾಕಿಕೊಂಡು, ಓಡುತ್ತ ಕಡವಿಗೆ ಹೋಗಿ ದೋಣಿಯವನನ್ನು ಕೇಳಿದಳು. ಅವನು ಬೀಡಿ ಆರಿಸಿ, "ಎರಡು ತಿಂಗಳಾಯ್ತಲ್ಲಕ್ಕಾ ಸಾಗಿಸೋಕೆ ಶುರು ಮಾಡಿ" ಎಂದ. "ಗುಡ್ಡದ ಹಿಂಭಾಗದಿಂದ ತರ್ತಾರೆ. ಈ ಕಡೆಯಿಂದ ಕಾಣಲ್ಲ."

ಅವನ ದೋಣಿಯಲ್ಲೇ ಆಚೆ ದಡಕ್ಕೆ ಹೋಗಿ, ಅವನನ್ನೂ ಕರೆದುಕೊಂಡು ಗುಡ್ಡ ಸುತ್ತಿ ಹಿಂದಕ್ಕೆ ನಡೆದಳು. ಮುಂದಿನಿಂದ ಗುಡ್ಡ ಇದ್ದ ಹಾಗೇ ಇತ್ತು. ಹಿಂದೆ ಗುಡ್ಡವೇ ಇರಲಿಲ್ಲ. ಬುಡದಿಂದ ನೆತ್ತಿಯವರೆಗೆ ಕಡಿದು ಬೆತ್ತಲೆ ಮಾಡಿದ್ದರು. ಅರ್ಜಿ, ಪ್ರಮಾಣಪತ್ರ, ವಿಚಾರಣೆ, ಹದಿನೈದು ದಿನ, ಎಲ್ಲಾ ಬೊಗಳೆ. ಅವಳು ಆ ಬಂಡೆಯ ಎದುರು ನಿಂತು, ಜನ್ಮದಲ್ಲಿ ಆಡದ ಬೈಗುಳಗಳನ್ನೆಲ್ಲ ಆಡಿದಳು. ದೋಣಿಯವನ ಬಾಯಿಯೇ ಹೊಲಸು, ಅವನೂ ತಲೆ ತಗ್ಗಿಸಿದ. ಆಮೇಲೆ ಮುಂಭಾಗದ ಇಳಿಜಾರಿನಲ್ಲಿ ಕೂತು, ಕತ್ತಲಾಗುವ ಮೊದಲು ಕಲ್ಲಿನಡಿಯಿಂದ ಐದು ಹುಳ ಹಿಡಿದಳು.

ಮುಂದಿನ ವಿಚಾರಣೆಯ ದಿನ ಮೇಜಿನ ಮೇಲೆ ಎರಡು ಗಾಜಿನ ಸೀಸೆ ಇಟ್ಟಳು. ಅಧಿಕಾರಿ ಮೊದಲನೆಯದರ ಚೀಟಿಯನ್ನು ಗಟ್ಟಿಯಾಗಿ ಓದಿದರು. ಗುಡ್ಡ, ಮುಂಭಾಗದ ಇಳಿಜಾರು, ಐದು. ಎರಡನೆಯದನ್ನು ಎತ್ತಿದರು.

"ಈಚೆ ದಡ, ಕಡವಿನ ಪೇಟೆ, ಎರಡು, ಜೀವಂತ..."

"ನೋಡಿ ಮೇಡಂ!" ವಕೀಲ ಕುರ್ಚಿಯಿಂದ ನೆಗೆದ. "ಈಚೆ ದಡದಲ್ಲೂ ಇದೆ ಅಂತ ಇವರೇ ಬರೆದುಕೊಟ್ಟಿದ್ದಾರೆ! ಇನ್ನೇನು ಬೇಕು?" ನಿರ್ದೇಶಕರ ಮುಖವೂ ಅರಳಿತು.

"ಚೀಟಿ ಇನ್ನೂ ಮುಗಿದಿಲ್ಲ" ಎಂದರು ಅಧಿಕಾರಿ. ಕನ್ನಡಕ ಸರಿಮಾಡಿಕೊಂಡು ಮುಂದೆ ಓದಿದರು. "ಕಂಪನಿಯ ಟಾರ್ಪಾಲಿನ ಕೆಳಗೆ, ಗುಡ್ಡದ ಹಿಂಭಾಗದಿಂದ ಒಡೆದು ತಂದ ಕರೀಕಲ್ಲಿಗೆ ಅಂಟಿದ ಮಣ್ಣಿನಲ್ಲಿ. ಹುಳ ತಾನಾಗಿ ಬಂದದ್ದಲ್ಲ, ತಂದದ್ದು."

ಅಧಿಕಾರಿ ವಕೀಲನ ಕಡೆ ತಿರುಗಿ, "ನಾನಿನ್ನೂ ಅನುಮತಿ ಕೊಟ್ಟಿಲ್ಲ. ಕಲ್ಲು ಹೇಗೆ ಬಂತು?" ಎಂದರು. ವಕೀಲ ಕಾಗದ ಮಗುಚಿದ, ನೀರು ಕುಡಿದ, ವಿಚಾರಿಸಿ ತಿಳಿಸುತ್ತೇನೆ ಎಂದ.

"ನಾಳೆ ಬಂದು ಸ್ಥಳ ನೋಡ್ತೀನಿ" ಎಂದರು ಅಧಿಕಾರಿ.

"ನಾಳೆ ಅಂದ್ರೆ ರಾಶಿ ಇರಲ್ಲ ಮೇಡಂ" ಎಂದಳು ಚೀಟಿಯಮ್ಮ. "ನಾಳೆ ನಾಳೆ ಅಂದು ನಾನೇನು ಮಾಡಿದ್ದೀನಿ ಅಂತ ನೋಡಿದ್ರಲ್ಲ. ಈಗಲೇ ಏಳಿ."

ಅಧಿಕಾರಿ ಅವಳನ್ನು ದುರುಗುಟ್ಟಿ ನೋಡಿ, ಎದ್ದರು. ಮಧ್ಯಾಹ್ನ ಮೂರಕ್ಕೆ ಟಾರ್ಪಾಲು ತೆಗೆಸಿ ನೋಡಿದರು, ನಾಲ್ಕಕ್ಕೆ ಗುಡ್ಡದ ಹಿಂಭಾಗ ನೋಡಿದರು. ಐದಕ್ಕೆ ಯಂತ್ರಗಳಿಗೆ ಬೀಗಮುದ್ರೆ ಬಿತ್ತು. ನಿರ್ದೇಶಕರ ಪ್ರಮಾಣಪತ್ರ ರದ್ದಾಯಿತು. ಅವರು ತಮ್ಮ ಸಿಟ್ಟನ್ನೆಲ್ಲ ಒಂದು ಜ್ಞಾಪನಪತ್ರದಲ್ಲಿ ತೀರಿಸಿಕೊಂಡರು: ಚೀಟಿಯಮ್ಮನ ಕೈಬರಹದ ಪ್ರತಿ ಚೀಟಿಗೂ ಅನುಮಾನದ ಗುರುತಾಗಿ ಕೆಂಪು ಚುಕ್ಕೆ ಇಡಬೇಕು, ಇಡುವ ಕೆಲಸವೂ ಅವಳದ್ದೇ.

ಮನೆಗೆ ಬಂದು ಮಾವನಿಗೆ ಎಲ್ಲ ಹೇಳಿದಳು. ಹದಿನೈದು ದಿನದಿಂದ ಮಾತು ಬಿಟ್ಟಿದ್ದವರು ಬಾಯಿ ತೆರೆದರು.

"ಎಷ್ಟು ಉಳಿದಿದೆ?"

"ಅರ್ಧ."

"ಹಿಂಭಾಗದಲ್ಲೇ ಜಾಸ್ತಿ ಇರ್ತಿದ್ದಿದ್ದು. ಬಿಸಿಲು ಬೀಳ್ತಿರಲಿಲ್ಲ." ಅವಳ ಕಡೆ ತಿರುಗಿ ಹೇಳಿದರು. "ಕಲ್ಲು ಒಡೆದವರಿಗೆ ಧೈರ್ಯ ಬಂದಿದ್ದು ನಿನ್ನ ಚೀಟಿ ನೋಡಿ."

ಕಂಪನಿಯ ಮೇಲೆ, ನಿರ್ದೇಶಕರ ಮೇಲೆ, ವಕೀಲನ ಮೇಲೆ ಇಷ್ಟು ದಿನ ಉರಿದ ಸಿಟ್ಟೆಲ್ಲ ಅವಳ ಕಡೆಗೇ ತಿರುಗಿ ನಿಂತಿತು.

"ಹೌದು ಮಾವ" ಎಂದಳು.

ಮರುದಿನ ಹತ್ತು ಗಂಟೆಗೆ ಮೊದಲನೆಯ ಡ್ರಾಯರ್ ಎಳೆದು, ಕೆಂಪು ಮಸಿಯ ಸೀಸೆ ತೆರೆದು ಕೂತಳು. ಮಧ್ಯಾಹ್ನದ ಹೊತ್ತಿಗೆ ಮುನ್ನೂರು ಚುಕ್ಕೆಯಾಗಿದ್ದವು. ಜವಾನ ಬಂದು, ಊಟಕ್ಕೆ ಏಳಲ್ವಾ ಅಮ್ಮಾ, ಯಾರು ನೋಡ್ತಾರೆ, ಹತ್ತಕ್ಕೊಂದು ಇಟ್ಟರೆ ಸಾಕು ಎಂದ. ಅವಳು ಅವನಿಗೂ ಬೈದು, ಮುಂದಿನ ಹುಳವನ್ನು ಎತ್ತಿಕೊಂಡಳು.